ಬೈಕಿನ ಹಾಡಿಗೆ ಮಂಡ್ಯ ಸೀಮೆಯ ಪಾಠ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಪಕ್ಕದ ಮಂಡ್ಯ ಸೀಮೆಯ ರಸ್ತೆಗಳಿಗೂ ಹೊಸದೊಂದು ಸದ್ದು ಬಂತು. ಗಾಡಿ ಕಣ್ಣಿಗೆ ಬೀಳುವ ಮೊದಲೇ ಜಾವಾ ಬಂತೆಂದು ಕಿವಿ ಹೇಳುತ್ತಿತ್ತು. ಆ ಗಾಡಿಯ 6 ವೋಲ್ಟ್ ಬ್ಯಾಟರಿಗೆ ದೀಪ, ಹಾರನ್ ಸುಧಾರಿಸುವುದೇ ಸಾಕಾಗುತ್ತಿತ್ತು. 1996ರಲ್ಲಿ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. ಈಗಿನ ಬೈಕುಗಳದು 12 ವೋಲ್ಟ್. ಹೋಂಡಾ ಗೋಲ್ಡ್ ವಿಂಗ್‌ನಂತಹ ದೊಡ್ಡ ಪ್ರವಾಸಿ ಬೈಕುಗಳಲ್ಲಿ ಸ್ಪೀಕರುಗಳು ಕಾರ್ಖಾನೆಯಿಂದಲೇ ಬರುತ್ತವೆ. ಅದನ್ನು ಕಂಡು ತಮ್ಮ ಬೈಕಿಗೂ ಸ್ಪೀಕರ್ ಹಾಕಿಸಬೇಕೆಂದು ಹಟ ಹಿಡಿಯುವ ಕಾಲೇಜು ಹುಡುಗರು ಕಡಿಮೆಯೇನಿಲ್ಲ.

ಹದಿನೆಂಟು ತುಂಬಿ ಲೈಸೆನ್ಸ್ ಪಡೆದ ಮಗ ಹೀಗೆ ಕೇಳಿದಾಗ ‘ಬೇಡ’ ಎನ್ನುವುದಷ್ಟೇ ಉತ್ತರವಾಗಬೇಕಿಲ್ಲ. ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್. ಪೇಟೆ ಮೂಲಕ ನಾಗಮಂಗಲಕ್ಕೆ ಒಂದು ದಿನ ಸುತ್ತಿ ಬಂದರೆ ಸದ್ದಿನ ವಿಜ್ಞಾನವೆಲ್ಲ ದಾರಿಯಲ್ಲೇ ಸಿಗುತ್ತದೆ.

ತೂಗಾಡುತ್ತಿದ್ದ ಕಮಾನು

ಶ್ರೀರಂಗಪಟ್ಟಣಕ್ಕೆ ಬಂದವರು ಕೋಟೆ, ರಂಗನಾಥಸ್ವಾಮಿ ದೇವಾಲಯ, ದರಿಯಾ ದೌಲತ್, ಗುಂಬಜ್ ನೋಡಿ ಹೋಗುತ್ತಾರೆ. ಈಗ ಇಲ್ಲದ ಒಂದು ವಿಸ್ಮಯವೂ ಇಲ್ಲಿತ್ತು. 1808ರ ಸುಮಾರಿಗೆ ಡಿ ಹ್ಯಾವಿಲೆಂಡ್ ಎಂಬ ಇಂಗ್ಲಿಷ್ ಎಂಜಿನಿಯರು ನೂರು ಅಡಿಗೂ ಮಿಕ್ಕಿದ ಅಗಲದ ಇಟ್ಟಿಗೆ ಕಮಾನೊಂದನ್ನು ಕಟ್ಟಿದ್ದರು. ಅದರ ನಡುವೆ ನಿಂತು ಕುಪ್ಪಳಿಸಿದರೆ ಇಡೀ ಕಮಾನು ಅದುರುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅದು ಕುಸಿದು ಬಿತ್ತು.

ಪ್ರತಿ ವಸ್ತುವಿಗೂ ತನ್ನದೇ ಆದ ಸಹಜ ಕಂಪನವಿದೆ. ಹೊರಗಿನ ತಳ್ಳು ಅದಕ್ಕೆ ಹೊಂದಿಕೊಂಡರೆ ಅದುರು ಬೆಳೆಯುತ್ತ ಹೋಗುತ್ತದೆ. ಇದೇ ಅನುರಣನ. ಬೈಕಿನ ತೆಳು ಪ್ಲಾಸ್ಟಿಕ್ ಹೊದಿಕೆಗೆ ಸ್ಪೀಕರ್ ಬಿಗಿದಾಗ ಕೇಳುವ ಗರಗರ ಸದ್ದು ಇದರದೇ ಫಲ. ಆದ್ದರಿಂದ ಸುಧಾರಣೆಯ ಮೊದಲ ಹೆಜ್ಜೆ ದೊಡ್ಡ ಆಂಪ್ಲಿಫೈಯರ್ ಅಲ್ಲ. ಸ್ಪೀಕರಿಗೆ ಗಟ್ಟಿಯಾದ ಆಧಾರ, ನಡುವೆ ರಬ್ಬರ್ ವಾಷರ್, ಹಿಂದೆ ಮುಚ್ಚಿದ ಪುಟ್ಟ ಪೆಟ್ಟಿಗೆ ಬೇಕು. ಪೆಟ್ಟಿಗೆ ಇಲ್ಲದಿದ್ದರೆ ಸ್ಪೀಕರಿನ ಹಿಂದಿನ ಅಲೆ ಮುಂದಿನ ಅಲೆಯೊಡನೆ ಬೆರೆತು ಮಂದ್ರ ಸ್ವರವನ್ನು ಅಳಿಸಿಹಾಕುತ್ತದೆ.

ಪಾಂಡವಪುರದ ಬಂಡೆಗಳು

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದು ಹೆಸರು. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಊರ ಪಕ್ಕದ ಕುಂತಿಬೆಟ್ಟದ ಬಂಡೆಗಳ ಎದುರು ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿ ಪ್ರತಿಧ್ವನಿಗೆ ಕಿವಿಗೊಡಬಹುದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅರ್ಧ ಸೆಕೆಂಡಿಗೆ ಪ್ರತಿಧ್ವನಿ ಬಂದರೆ ಬಂಡೆ 85 ಮೀಟರ್ ದೂರದಲ್ಲಿದೆ ಎಂದರ್ಥ.

ಇದು ಕಬ್ಬಿನ ನಾಡು. ಕಟಾವಿನ ಕಾಲದಲ್ಲಿ ಕಬ್ಬು ಹೇರಿದ ಎತ್ತಿನ ಗಾಡಿ, ಟ್ರ್ಯಾಕ್ಟರುಗಳು ರಸ್ತೆ ತುಂಬಿರುತ್ತವೆ. ಹಿಂದಿನಿಂದ ಬರುವ ಬಸ್ಸಿನ ಹಾರನ್ ಸವಾರನಿಗೆ ಕೇಳಲೇಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ 90 ಡೆಸಿಬೆಲ್ ಮುಟ್ಟುತ್ತದೆ. ಹಾಡು ಕೇಳಿಸಬೇಕಾದರೆ ಅದು 95 ಡೆಸಿಬೆಲ್ ಆದರೂ ಇರಬೇಕಾಗುತ್ತದೆ. ತಜ್ಞರ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧವಾಗುತ್ತದೆ. ಅಂದರೆ 95ಕ್ಕೆ ಒಂದು ಗಂಟೆಯೂ ಸಿಗದು!

ಒಳಕಿವಿಯ ಸೂಕ್ಷ್ಮ ಕೂದಲು ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸವಾರಿ ಮುಗಿಸಿ ಬಂದ ಮಗ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದೆ ಎಂದರೆ ತಂದೆತಾಯಿ ಅದನ್ನು ಎಚ್ಚರಿಕೆಯ ಗಂಟೆ ಎಂದೇ ತಿಳಿಯಬೇಕು.

ಇಲ್ಲಿಂದ ಮುಂದೆ ಮೇಲುಕೋಟೆ. ಚೆಲುವನಾರಾಯಣನ ದರ್ಶನಕ್ಕೆ ಬರುವ ಎಷ್ಟೋ ಜನರಿಗೆ ಸುತ್ತಲಿನ ಕುರುಚಲು ಕಾಡು 1974ರಿಂದ ತೋಳಗಳ ರಕ್ಷಣೆಗಾಗಿ ವನ್ಯಧಾಮವಾಗಿದೆ ಎಂಬುದು ಗೊತ್ತಿಲ್ಲ. ಈ ದಾರಿಯಲ್ಲಿ ಸ್ಪೀಕರ್ ಆರಿಸುವುದೇ ಮರ್ಯಾದೆ.

ಸಾವಿರ ವ್ಯಾಟಿನ ಚೀಟಿ

ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ದೇವಾಲಯವಿದೆ. ಲಕ್ಷ್ಮೀನಾರಾಯಣ, ಲಕ್ಷ್ಮೀನರಸಿಂಹರ ಜೊತೆ ಮೂರನೆಯ ಗರ್ಭಗುಡಿಯಲ್ಲಿ ಕೊಳಲನೂದುವ ವೇಣುಗೋಪಾಲನಿದ್ದಾನೆ. ಕೊಳಲಿನ ಎತ್ತರದ ಸ್ವರಕ್ಕೆ ಪುಟ್ಟ ಸ್ಪೀಕರೂ ಸಾಕು. ಡೋಲಿನ 100 ಹರ್ಟ್ಸ್ ಸ್ವರದ ಅಲೆ ಮೂರು ಮೀಟರಿಗೂ ಉದ್ದ. ಕಾರಿನೊಳಗೆ ಗಾಜು, ಬಾಗಿಲು ಆ ಸ್ವರವನ್ನು ಹಿಡಿದಿಡುತ್ತವೆ. ಬೈಕಿಗೆ ಆ ಅನುಕೂಲವಿಲ್ಲ. ನಾಲ್ಕಂಗುಲದ ಸ್ಪೀಕರಿನಿಂದ ಬಯಲಲ್ಲಿ ‘ಬೇಸ್’ ಬಯಸುವುದು ವ್ಯರ್ಥ.

ಇದೇ ತಾಲ್ಲೂಕಿನ ಕಿಕ್ಕೇರಿ, ‘ಮೈಸೂರ ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು. ಸಿ. ಅಶ್ವತ್ಥ್ ರಾಗ ಹಾಕಿದ ಅವರ ಭಾವಗೀತೆಗಳನ್ನು ಕೇಳುವವನಿಗೆ ಬೇಕಾದದ್ದು ಸ್ಪಷ್ಟ ಮಾತು, ಎದೆ ನಡುಗಿಸುವ ಸದ್ದಲ್ಲ.

ಇನ್ನು ‘1000 ವ್ಯಾಟ್’ ಎಂದು ಚೀಟಿ ಅಂಟಿಸಿದ ಪೆಟ್ಟಿಗೆಗಳು! ಹತ್ತನೆಯ ತರಗತಿಯ ಓಮ್ ನಿಯಮದಿಂದಲೇ ಲೆಕ್ಕ ಹಾಕಬಹುದು. ವೋಲ್ಟೇಜನ್ನು ಏರಿಸುವ ಮಂಡಲವಿಲ್ಲದೆ 12 ವೋಲ್ಟಿನಿಂದ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಸಿಗುವುದು ಹೆಚ್ಚೆಂದರೆ 18 ವ್ಯಾಟ್ (12ರ ವರ್ಗ 144, ಅದನ್ನು 8ರಿಂದ ಭಾಗಿಸಬೇಕು). ಎಂಜಿನ್ ಓಡುವಾಗ ವೋಲ್ಟೇಜು 14 ಆದರೆ ಸುಮಾರು 24. ವ್ಯಾಟನ್ನು ಇಮ್ಮಡಿಸಿದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡರಷ್ಟು ಎನಿಸಲು ಹತ್ತರಷ್ಟು ವ್ಯಾಟ್ ಬೇಕು. ಅದರ ಬದಲು ಒಂದು ವ್ಯಾಟಿಗೆ 88ರ ಬದಲು 91 ಡೆಸಿಬೆಲ್ ಕೊಡುವ ಸ್ಪೀಕರ್ ಆರಿಸಿದರೆ ಅದೇ ಲಾಭ ಬ್ಯಾಟರಿಗೆ ಹೊರೆಯಿಲ್ಲದೆ ದಕ್ಕುತ್ತದೆ.

ನಾಗಮಂಗಲದ ಕಂಚು

ಸೌಮ್ಯಕೇಶವ ದೇವಾಲಯದ ನಾಗಮಂಗಲ ಹಿತ್ತಾಳೆ, ಕಂಚಿನ ಕೆಲಸಕ್ಕೂ ಹೆಸರಾದ ಊರು. ಕಂಚಿನ ಗಂಟೆ ಒಮ್ಮೆ ಬಡಿದರೆ ಬಹಳ ಹೊತ್ತು ಗುನುಗುತ್ತದೆ, ಏಕೆಂದರೆ ಆ ಲೋಹ ಕಂಪನವನ್ನು ಬೇಗ ನುಂಗುವುದಿಲ್ಲ. ಸ್ಪೀಕರಿನ ಪರದೆ ಇದಕ್ಕೆ ತದ್ವಿರುದ್ಧ. ವಿದ್ಯುತ್ತಿನ ಸೂಚನೆ ನಿಂತ ಕೂಡಲೇ ಅದೂ ನಿಲ್ಲಬೇಕು. ಬೈಕಿಗೆ ಕಾಗದದ ಪರದೆ ಸಲ್ಲದು. ಮಳೆ ತಡೆಯುವ ಪಾಲಿಪ್ರೊಪಿಲೀನ್ ಮೇಲು.

ವೈರಿಂಗ್ ವಿಚಾರದಲ್ಲಿ ಉದಾಸೀನ ಮಾಡಿದರೆ ಬೆಂಕಿಯ ಅಪಾಯವಿದೆ. ಆಂಪ್ಲಿಫೈಯರಿಗೆ ಹೋಗುವ ತಂತಿಗೆ ಬ್ಯಾಟರಿಯ ಪ್ಲಸ್ ತುದಿಯ ಬಳಿಯೇ ಫ್ಯೂಸ್ ಇರಬೇಕು. ಮುಂದೆ ತಂತಿ ಉಜ್ಜಿ ಎಲ್ಲೇ ಶಾರ್ಟ್ ಆದರೂ ಫ್ಯೂಸ್ ಮೊದಲು ಹೋಗುತ್ತದೆ. ಎರಡು ಸ್ಪೀಕರುಗಳನ್ನು ಪೂರ್ಣ ಸದ್ದಿನಲ್ಲಿ ಆಡಿಸಿದರೆ 3ರಿಂದ 4 ಆಂಪಿಯರ್ ಬೇಕು. ಎಂಜಿನ್ ನಿಲ್ಲಿಸಿ ಕೇಳುತ್ತ ಕುಳಿತರೆ 8 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ಗಂಟೆಯಲ್ಲಿ ಬರಿದು. ಅದಕ್ಕೂ ಮೊದಲೇ ಸೆಲ್ಫ್ ಸ್ಟಾರ್ಟ್ ಕೈಕೊಡುತ್ತದೆ.

ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಸ್ಪೀಕರಿನ ಬದಲು ಹೆಲ್ಮೆಟ್ಟಿನೊಳಗೆ ಕೂರುವ ಪುಟ್ಟ ಬ್ಲೂಟೂತ್ ಸಾಧನ ಆರಿಸಿದರೆ ಊರಿಗೆ ತೊಂದರೆಯಿಲ್ಲ. ಆದರೆ ಕಿವಿಗೆ ಹತ್ತಿರವಾದಷ್ಟೂ ಸದ್ದು ಜೋರು; ಅದನ್ನು ತಗ್ಗಿಸಿಯೇ ಕೇಳಬೇಕು, ವೇಗವನ್ನೂ ತಗ್ಗಿಸಬೇಕು. ವೇಗ ತಗ್ಗಿದರೆ ಗಾಳಿಯ ಸದ್ದೂ ತಗ್ಗಿ, ಕಡಿಮೆ ಸದ್ದಿನಲ್ಲೇ ಹಾಡು ಕೇಳುತ್ತದೆ.

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ 1981ರಿಂದ ನವಿಲುಧಾಮ. ಅದರ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ, ಹಾಗಾಗಿ ಗದ್ದಲ ಬಂದರೆ ಹಕ್ಕಿಗಳಿಗೆ ಸರಿದುಹೋಗಲು ಹೆಚ್ಚು ಜಾಗವಿಲ್ಲ. ಇಲ್ಲಿಗೆ ಬರುವ ಮಕ್ಕಳು ಬೆಳಗಿನ ಹೊತ್ತು ಎಂಜಿನ್, ಹಾಡು ಎರಡನ್ನೂ ನಿಲ್ಲಿಸಿ ಹತ್ತು ನಿಮಿಷ ಕುಳಿತು, ಎಷ್ಟು ಬಗೆಯ ಸದ್ದು ಕೇಳಿತೆಂದು ಪಟ್ಟಿ ಮಾಡಲಿ. ನವಿಲಿನ ಕೂಗಿನಾಚೆಗೂ ಹಲವು ಸದ್ದುಗಳು ಆ ಪಟ್ಟಿಗೆ ಸೇರುತ್ತವೆ.