ಎರಡು ಸಲ ಬಿದ್ದ ಉಪ್ಪು

ಒಂದು ಹಬ್ಬದ ದಿನ ನಮ್ಮ ಮನೆಯ ಸಾರು ಬಾಯಿಗಿಡಲಾರದಂತಾಯಿತು. ತಾಯಿಯವರು ರುಚಿ ನೋಡಿ, ಉಪ್ಪಿಲ್ಲವೆಂದರಿತು, ಯಾರೋ ಕರೆದರೆಂದು ಜಗಲಿಗೆ ಹೋದರು. ಅಷ್ಟರಲ್ಲಿ ಅತ್ತಿಗೆಯವರು ಉಪ್ಪು ಹಾಕಿದರು. ತಾಯಿಯವರು ಮರಳಿ ಬಂದು ತಾವೂ ಹಾಕಿದರು. ಯಾರನ್ನು ದೂರೋಣ?

ಗಣಕಯಂತ್ರದ ಕೆಲಸದಲ್ಲಿರುವ ನಮಗೆ ಆ ಸಾರು ಮರೆಯದು. ಯಂತ್ರದ ಮೆಮೊರಿಯನ್ನು ಹಂಚಿಕೊಡುವ ಯಜಮಾನನೇ ಕರ್ನೆಲ್. ಲಿನಕ್ಸ್ ಕರ್ನೆಲ್ಲಿನಲ್ಲಿ ಇಂಥದೇ ದೋಷವೊಂದು 2007ರಿಂದ 2016ರವರೆಗೆ ಅಡಗಿದ್ದಿತು. 'ಡರ್ಟಿ ಕೌ' ಎಂದು ಅದನ್ನು ಕರೆದರು. ಓದಲು ಮಾತ್ರ ಅಪ್ಪಣೆಯುಳ್ಳ ಕಡತದ ಮೇಲೆ ಬರೆಯಹೊರಟವನಿಗೆ ಕರ್ನೆಲ್ ಬೇರೊಂದು ಪ್ರತಿಯನ್ನು ಮಾಡಿಕೊಡುವುದು. ಬರೆಹ ಬೀಳುವ ಮೊದಲೇ ಅದೇ ಕೆಲಸದ ಇನ್ನೊಂದು ಎಳೆಯು ಆ ಪ್ರತಿಯನ್ನು ಎಸೆದುಬಿಟ್ಟರೆ, ಬರೆಹ ಮೂಲದ ಮೇಲೆಯೇ ಬೀಳುತ್ತಿದ್ದಿತು! ಹೀಗೆ ಸಾಮಾನ್ಯನೂ ಯಂತ್ರಕ್ಕೆ ಒಡೆಯನಾಗಬಹುದಾಗಿತ್ತು. ಲೈನಸ್ ಟೋರ್ವಾಲ್ಡ್ಸರು 2005ರಲ್ಲಿಯೇ ಇದನ್ನೊಮ್ಮೆ ತಿದ್ದಿದ್ದರು. ಬೇರೊಂದು ಜಾತಿಯ ಯಂತ್ರಕ್ಕೆ ತೊಡಕಾದುದರಿಂದ ಆ ತಿದ್ದುಪಡಿಯು ರದ್ದಾಯಿತು.

ನಾವೂ ಒಮ್ಮೆ ಇಂಥ ದೋಷದ ಬೆನ್ನುಹತ್ತಿ ನಿದ್ದೆಗೆಟ್ಟೆವು. ನಡೆದುದನ್ನು ಯಂತ್ರವೇ ಬರೆದಿಡಲೆಂದು ಒಂದು ಸಾಲು ಸೇರಿಸಿದೊಡನೆ ವೇಗ ತುಸು ತಗ್ಗಿ ದೋಷವು ಮಾಯ. ಸಾಲು ತೆಗೆದರೆ ಮತ್ತೆ ಹಾಜರು. ಹದಿನೈದು ದಿನಗಳ ಮೇಲೆ ಕಂಡಿತು: ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನು ತಡೆಯುವ ಬೀಗವನ್ನು ನೋಡುವ ಮೊದಲೇ ಹಾಕಬೇಕಾಗಿತ್ತು, ನಾವು ನೋಡಿದ ಮೇಲೆ ಹಾಕಿದ್ದೆವು.