‘ಸಾಕು’ ಎಂದರೆ ‘ಹಾಕು’

ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ದೂರವಾಣಿಯಲ್ಲಿ ಕೇಳಿದಾಗ ನಾನು ಕೊಯಮತ್ತೂರಿನ ಕ್ರಾಸ್‌ಕಟ್ ರಸ್ತೆಯ ಅಂಗಡಿಯೊಂದರಲ್ಲಿ ನಿಂತಿದ್ದೆ. ಕೊರಳಿಗೆ ತೊಡುವ ತಂತಿರಹಿತ ಶ್ರವಣ ಸಾಧನವನ್ನು, ಅಂದರೆ ನಮ್ಮ ಮೊಮ್ಮಕ್ಕಳು ನೆಕ್‌ಬ್ಯಾಂಡ್ ಎನ್ನುವುದನ್ನು, ಹಿಂದುಮುಂದು ತಿರುಗಿಸಿ ಪರೀಕ್ಷಿಸುತ್ತಿದ್ದೆ. ವಚನ ಸಾಹಿತ್ಯವನ್ನೋ ಹೊರನಾಡ ಕನ್ನಡವನ್ನೋ ಕುರಿತು ಬರೆಯುವೆನೆಂದು ಅವರ ನಿರೀಕ್ಷೆ. ನನ್ನ ತಲೆಯಲ್ಲಿದ್ದುದು ನೆಕ್‌ಬ್ಯಾಂಡ್ ಮಾತ್ರ. ಆದುದರಿಂದ ಅದನ್ನೇ ಬರೆಯುತ್ತಿದ್ದೇನೆ, ಸಹೃದಯರು ಮನ್ನಿಸಬೇಕು.

ನಾನು ಹುಟ್ಟಿದಾಗ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ನಾನು ಮಾತ್ರ ಮುಂದೆ ಉದ್ಯೋಗ ನಿಮಿತ್ತ ಹಳೆಯ ಜಿಲ್ಲೆಯನ್ನೇ ಅರಸಿಕೊಂಡು ಇತ್ತ ಬಂದೆ. ನನ್ನ ಮಡದಿ ಸೋಮನೂರಿನ ನೇಕಾರ ಕುಟುಂಬದವಳು. ಇಲ್ಲಿಯ ದೇವಾಂಗರ ಮನೆಗಳಲ್ಲಿ ಕನ್ನಡ ಮನೆಮಾತಾಗಿ ಉಳಿದು ಬಂದಿರುವುದೂ, ಆ ಕನ್ನಡಕ್ಕೆ ಅನೇಕ ಕಡೆ ಅಕ್ಷರದ ನಂಟು ಇಲ್ಲದಿರುವುದೂ ತಮಗೆಲ್ಲ ತಿಳಿದ ವಿಷಯವೇ. ಆಕೆ ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಆಕೆಗೆ ಕಿವಿಯ ಭಾಷೆ, ಕಣ್ಣಿನದಲ್ಲ. ಮದುವೆಯಾದ ವರ್ಷದಿಂದಲೇ ರಾತ್ರಿ ಊಟವಾದ ಮೇಲೆ ನಾನು ಕಾದಂಬರಿಯನ್ನು ಗಟ್ಟಿಯಾಗಿ ಓದುವುದು, ಆಕೆ ಕೇಳುವುದು ನಮ್ಮ ಮನೆಯ ಪದ್ಧತಿ. ನಲವತ್ತು ವರ್ಷಗಳಿಗೂ ಮೀರಿ ಅದು ನಡೆಯಿತು.

ಐದಾರು ವರ್ಷಗಳ ಹಿಂದೆ ಊಟದ ಎಲೆಯ ಮುಂದೆ ನಾನು ‘ಸಾಕು’ ಎಂದರೆ ಆಕೆ ಇನ್ನೊಂದು ಸೌಟು ಹುಳಿ ಬಡಿಸತೊಡಗಿದಳು. ಮೊದಮೊದಲು ಪ್ರೀತಿಯೆಂದು ಭಾವಿಸಿದೆ. ಆಮೇಲೆ ತಿಳಿಯಿತು, ಆಕೆಗೆ ಕೇಳಿಸುತ್ತಿದ್ದುದು ‘ಹಾಕು’ ಎಂದು. ಕೊಯಮತ್ತೂರಿನ ಕಿವಿ ವೈದ್ಯರು ಪರೀಕ್ಷೆ ಮಾಡಿಸಿ, ಗೆರೆ ಎಳೆದ ಹಾಳೆಯೊಂದನ್ನು ತೋರಿಸಿ ವಿವರಿಸಿದರು: ವಯಸ್ಸಾದಂತೆ ಮೊದಲು ಕುಂದುವುದು ಹೆಚ್ಚಿನ ಆವರ್ತನದ ಧ್ವನಿಗಳು. ಸ, ಶ, ತ ಮುಂತಾದ ವ್ಯಂಜನಗಳ ಚೂಪು ಅಲ್ಲಿಯೇ ಇರುವುದು. ಸ್ವರಗಳು ಕೆಳಗಿನ ಶ್ರುತಿಯವು, ಅವು ಉಳಿಯುತ್ತವೆ. ಆದ್ದರಿಂದ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಹದಿಹರೆಯದಿಂದ ವಿದ್ಯುತ್ ಮಗ್ಗಗಳ ನಡುವೆ ಕೆಲಸ ಮಾಡಿದ್ದೂ ಸೇರಿ ಎಡಗಿವಿ ಹೆಚ್ಚು ಕೆಟ್ಟಿತ್ತು. ನಮ್ಮ ಕಾರ್ಖಾನೆಗಳ ನಿಯಮ ದಿನಕ್ಕೆ 8 ಗಂಟೆಗೆ 90 ಡೆಸಿಬೆಲ್ ಎಂದು ಮಿತಿ ಹಾಕುತ್ತದೆ. ಸೋಮನೂರು, ಪಲ್ಲಡಂ ಕಡೆಯ ಮಗ್ಗದ ಕೊಟ್ಟಿಗೆಯ ಬಾಗಿಲಲ್ಲಿ ಒಮ್ಮೆ ನಿಂತವರಿಗೆ ಆ ಮಿತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ವೈದ್ಯರು ಶ್ರವಣಯಂತ್ರವನ್ನೇ ಕೊಡಿಸಿದರು. ಸರಿಯಾದ ಚಿಕಿತ್ಸೆ ಅದೇ, ನೆಕ್‌ಬ್ಯಾಂಡ್ ಅದಕ್ಕೆ ಬದಲಿಯಲ್ಲ; ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಆಕೆ ಮದುವೆ ಮುಂಜಿಗೆ, ಸಂಘದ ಸಭೆಗೆ ಅದನ್ನು ಧರಿಸುತ್ತಾಳೆ. ಮನೆಯಲ್ಲಿ ಪಾತ್ರೆಯ ಸದ್ದೂ ದೊಡ್ಡದಾಗಿ ಕೇಳುತ್ತದೆಂದು ಸಂಜೆಯಾಗುತ್ತಲೇ ತೆಗೆದಿಡುತ್ತಾಳೆ. ನಮ್ಮ ಓದಿನ ಹೊತ್ತು ಅದೇ. ನಾನು ಕೂಗಿ ಓದಿದೆ. ಕಾದಂಬರಿಯ ನಾಯಕಿ ಕಣ್ಣೀರು ಹಾಕುವ ಸನ್ನಿವೇಶವನ್ನು ಕೂಗಿ ಓದಿದರೆ ಪಕ್ಕದ ಮನೆಯವರು ದಂಪತಿಗಳಲ್ಲಿ ಜಗಳವೆಂದು ತಿಳಿಯುವುದು ಸಹಜ. ಒಂದು ರಾತ್ರಿ ಆಕೆಯೇ, “ಬಿಡಿ, ನಿಮಗೂ ಕಷ್ಟ,” ಎಂದು ಪುಸ್ತಕ ಮುಚ್ಚಿದಳು. ಸುಮಾರು ಒಂದು ವರ್ಷ ಮನೆಯಲ್ಲಿ ಓದು ನಿಂತಿತು. ಆ ವರ್ಷದ ಸಂಜೆಗಳನ್ನು ಕುರಿತು ನಾನು ಬರೆಯಲಾರೆ.

ಓದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕಿವಿಗೇ ಹಾಕಿದರೆ ಹೇಗೆಂದು ಸೂಚಿಸಿದವಳು ಮೊಮ್ಮಗಳು. ನಾನು ಅವಸರಪಟ್ಟು 499 ರೂಪಾಯಿಗೆ ಒಂದು ನೆಕ್‌ಬ್ಯಾಂಡ್ ತಂದೆ. ಯಾವ ಕಂಪನಿಯದೆಂದು ಹೇಳುವುದು ಬೇಡ. ಪೆಟ್ಟಿಗೆಯ ಮೇಲೆ ಬಾಸ್ ಕುರಿತೇ ದೊಡ್ಡ ಅಕ್ಷರಗಳು. ಸಿನಿಮಾ ಹಾಡು ಹಾಕಿದರೆ ಎದೆ ನಡುಗುತ್ತಿತ್ತು. ನನ್ನ ಧ್ವನಿ ಮಾತ್ರ ಹರವಿಯೊಳಗೆ ಮುಖವಿಟ್ಟು ಮಾತನಾಡಿದಂತಿತ್ತು. ಆಕೆ ಎರಡು ನಿಮಿಷ ಕೇಳಿ, “ಇದು ನೀವಲ್ಲ,” ಎಂದು ತೆಗೆದಿಟ್ಟಳು. ಆಗ ನನಗೆ ಬುದ್ಧಿ ಬಂತು. ತಗ್ಗಿನ ಸದ್ದು ಹೆಚ್ಚಾದಷ್ಟೂ ಅದು ವ್ಯಂಜನಗಳನ್ನು ಮುಚ್ಚುತ್ತದೆ. ಆಕೆಗೆ ಬೇಕಾದದ್ದೇ ಆ ವ್ಯಂಜನ.

ಎರಡನೆಯ ಸಲ ಮೊಮ್ಮಗಳ ಮಾತು ಮೀರಿ, ಅಂತರ್ಜಾಲದಲ್ಲಿ ತರಿಸದೆ ಅಂಗಡಿಗೇ ಹೋದೆ. ಕ್ರಾಸ್‌ಕಟ್ ರಸ್ತೆಯ ಆ ಹುಡುಗ ತಾಳ್ಮೆಯವನು. ನಾನು ಹಾಡು ಕೇಳಲಿಲ್ಲ; ನನ್ನದೇ ಓದಿನ ಒಂದು ಪುಟವನ್ನು ನಾಲ್ಕು ನೆಕ್‌ಬ್ಯಾಂಡುಗಳಲ್ಲಿ ಕೇಳಿದೆ. ಅದೊಂದೇ ಪರೀಕ್ಷೆ ಸಾಕಾಯಿತು. 10 ಮಿ.ಮೀ., 12 ಮಿ.ಮೀ. ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಡ್ರೈವರ್ ಅಳತೆ ಮಾತಿನ ಸ್ಪಷ್ಟತೆಗೆ ಸಾಕ್ಷಿಯಲ್ಲ. ಇನ್ನೊಂದು ಮೋಸವಲ್ಲದ ಮೋಸವಿದೆ. ಇಎನ್‌ಸಿ ಎಂದು ಬರೆದಿದ್ದರೆ ಹೊರಗಿನ ಗದ್ದಲ ನಮಗೆ ಕೇಳಿಸುವುದಿಲ್ಲವೆಂದು ನಾನು ತಿಳಿದಿದ್ದೆ. ಹಾಗಲ್ಲ, ನಾವು ಫೋನಿನಲ್ಲಿ ಮಾತನಾಡುವಾಗ ನಮ್ಮ ಸುತ್ತಲಿನ ಗದ್ದಲ ಆಚೆಯವರಿಗೆ ಕಡಿಮೆ ಕೇಳಿಸಲೆಂದು ಇರುವ ಏರ್ಪಾಡು ಅದು. ನಮ್ಮ ಕಿವಿಗೆ ಗದ್ದಲ ತಗ್ಗಿಸುವುದು ಎಎನ್‌ಸಿ. ಹೊರಗಿನ ಸದ್ದನ್ನು ಪುಟ್ಟ ಮೈಕಿನಲ್ಲಿ ಹಿಡಿದು ಅದಕ್ಕೆ ವಿರುದ್ಧ ಅಲೆಯನ್ನು ಹುಟ್ಟಿಸುವ ವಿದ್ಯೆ ಅದು. ಬಸ್ಸಿನ ಎಂಜಿನಿನಂತಹ ಏಕತಾನದ ಮೊರೆತಕ್ಕೆ ಚೆನ್ನಾಗಿ ಒದಗುತ್ತದೆ. ನಿತ್ಯ ತಿರುಪ್ಪೂರಿಗೆ ಬಸ್ಸಿನಲ್ಲಿ ಹೋಗಿಬರುವ ನಮ್ಮ ಯುವ ಸದಸ್ಯರು ಅದಕ್ಕೆ ಹೆಚ್ಚು ಹಣ ಕೊಡಬಹುದು. ನಾನು ಕೊಡಲಿಲ್ಲ.

ಕಿವಿಯೊಳಗಷ್ಟೇ ಕೂರುವ ಗುಂಡಿಗಳಂತಹವು ಚೆಂದವೇನೋ ಹೌದು. ಅರವತ್ತು ದಾಟಿದವರ ಕೈಯಲ್ಲಿ ಒಂದು ಉರುಳಿ ಮಂಚದಡಿ ಸೇರಿದರೆ ಇನ್ನೊಂದು ಅನಾಥ. ನೆಕ್‌ಬ್ಯಾಂಡ್ ಕೊರಳಲ್ಲೇ ತೂಗುತ್ತದೆ, ಕರೆ ಬಂದರೆ ಕಂಪಿಸುವಂತಹವೂ ಇವೆ, ಬ್ಯಾಟರಿಗೆ ಸ್ಥಳ ಹೆಚ್ಚು. ಒತ್ತುವ ಗುಂಡಿಗಳು ಬೆರಳಿಗೆ ಸಿಗುವಂತೆ ಉಬ್ಬಿರಬೇಕು. ಫೋನಿನ ಟೈಪ್-ಸಿ ಚಾರ್ಜರೇ ಅದಕ್ಕೂ ಹೊಂದಬೇಕು. ಐಪಿಎಕ್ಸ್4 ಎಂದಿದ್ದರೆ ಬೆವರಿಗೂ ನೀರಿನ ಹನಿಗೂ ಹೆದರಬೇಕಿಲ್ಲ. ಅಡುಗೆಮನೆಗೆ ಅಷ್ಟು ಸಾಕು. ನಲವತ್ತು ಗಂಟೆ ಬ್ಯಾಟರಿ ಎಂಬ ಹೆಗ್ಗಳಿಕೆಗೆ ದಿನಕ್ಕೆ ಎರಡು ಗಂಟೆ ಕೇಳುವವರು ಮರುಳಾಗಬೇಕಾದುದಿಲ್ಲ. ಒಳಗಿನ ಬ್ಯಾಟರಿ ಹೇಗೂ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಬದಲಿಸುವುದು ಸುಲಭವಲ್ಲ. ಹಾಗಾಗಿ ಇದರ ಮೇಲೆ ಐದು ಸಾವಿರ ಸುರಿಯುವುದು ನನಗೆ ಸರಿಕಾಣದು. 1,299 ರೂಪಾಯಿಗೆ ಒಂದನ್ನು ಆರಿಸಿ, ಒಂದು ವರ್ಷದ ಖಾತರಿಗೆಂದು ರಸೀದಿಯನ್ನು ಪಂಚಾಂಗದೊಳಗೆ ಇಟ್ಟಿದ್ದೇನೆ.

ಇದನ್ನು ಫೋನಿಗೆ ಬೆಸೆಯುವ ಬ್ಲೂಟೂತ್‌ಗೆ ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಉಪನಾಮವನ್ನು ಇಟ್ಟಿದ್ದಾರೆ. ನೀಲಿ ಹಲ್ಲಿನವನೆಂದು ಅರ್ಥ. ಮೂವತ್ತೈದು ವರ್ಷ ಚರಿತ್ರೆ ಬೋಧಿಸಿದವನಿಗೆ ಇಷ್ಟು ವಿಷಯಾಂತರಕ್ಕೆ ಅಪ್ಪಣೆಯಿರಲಿ.

ಮನೆಗೆ ತಂದ ಮೇಲೆ ಎರಡು ಕೆಲಸ ಉಳಿದಿತ್ತು. ಜೊತೆಗೆ ಬಂದ ಮೂರು ಅಳತೆಯ ರಬ್ಬರು ತೊಡಿಗೆಗಳಲ್ಲಿ ಚಿಕ್ಕದು ಆಕೆಯ ಕಿವಿಗೆ ಸರಿಹೊಂದಿತು. ಸಡಿಲವಾದರೆ ಧ್ವನಿ ಸೋರುತ್ತದೆ, ಸೋರಿದರೆ ಸದ್ದು ಏರಿಸುವ ಚಪಲ ಹುಟ್ಟುತ್ತದೆ. ಮತ್ತೊಂದು, ಫೋನಿನ ಸೆಟ್ಟಿಂಗಿನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಹುಡುಕಿದರೆ ಮೊನೊ ಆಡಿಯೊ ಎಂಬುದೊಂದಿದೆ. ಸ್ಟೀರಿಯೊ ಹಾಡುಗಳಲ್ಲಿ, ನಾಟಕಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಧ್ವನಿ ಹಂಚಿರುತ್ತದೆ. ಒಂದು ಕಿವಿ ಮಂದವಾದವರಿಗೆ ಅರ್ಧ ನಾಟಕ ನಷ್ಟ. ಮೊನೊ ಒತ್ತಿದರೆ ಎರಡೂ ಕಿವಿಗೆ ಪೂರ್ತಿ ಬರುತ್ತದೆ. ಇದನ್ನು ನನಗೆ ಯಾವ ಅಂಗಡಿಯವನೂ ಹೇಳಲಿಲ್ಲ. ನಮ್ಮ ಸಂಘದ ಹಿರಿಯರು ಇದೊಂದನ್ನಾದರೂ ಮಕ್ಕಳಿಂದ ಮಾಡಿಸಿಕೊಳ್ಳಿರಿ. ಸದ್ದಿನ ಮಟ್ಟ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಎಂಬ ಮಿತಿ ಹೇಳಿದೆ. ಇರುವ ಕಿವಿಯನ್ನೂ ಕಳೆದುಕೊಳ್ಳುವ ಆಸೆ ನಮಗಿಲ್ಲ.

ಈಗ ಮಧ್ಯಾಹ್ನ ನಾನು ಮಹಡಿಯ ಕೋಣೆಯಲ್ಲಿ ಓದಿ ಧ್ವನಿಮುದ್ರಿಸಿ ಕಳುಹಿಸುತ್ತೇನೆ. ಸಂಜೆ ಆಕೆ ಕೆಳಗೆ ಸೊಪ್ಪು ಬಿಡಿಸುತ್ತಾ ಕೇಳುತ್ತಾಳೆ. ನಾನು ಪಕ್ಕದಲ್ಲೇ ಪತ್ರಿಕೆ ಹಿಡಿದು ಕುಳಿತಿದ್ದರೂ ಯಾವ ಸಾಲಿಗೆ ನಗುತ್ತಿದ್ದಾಳೆಂದು ತಿಳಿಯುವುದಿಲ್ಲ. ಕೇಳಿದರೆ ಕೈಸನ್ನೆಯಲ್ಲಿ ಸುಮ್ಮನಿರಿಸುತ್ತಾಳೆ. ನಾನೇ ಓದಿದ್ದು, ನನಗೇ ಪ್ರವೇಶವಿಲ್ಲ.

ಮೊನ್ನೆ ಕೇಳುತ್ತಿದ್ದವಳು ಇದ್ದಕ್ಕಿದ್ದಂತೆ ನೆಕ್‌ಬ್ಯಾಂಡ್ ತೆಗೆದು, “ಹಿಂದಿನ ಬೀದಿಯ ಮಗ್ಗದಲ್ಲಿ ಒಂದು ಸರಿಯಾಗಿ ಹೊಡೆಯುತ್ತಿಲ್ಲ,” ಎಂದಳು. ನನ್ನ ಓದಿನ ಹಿಂದೆ ಮಗ್ಗದ ಸದ್ದು ಸೇರಿಕೊಂಡಿರುವುದು ನನಗೆ ಗೊತ್ತೇ ಇರಲಿಲ್ಲ. ಅಂದಿನಿಂದ ಪಾಳಿ ಬದಲಾಗುವ ಹೊತ್ತಿನಲ್ಲಿ, ಮಗ್ಗಗಳು ನಿಂತಾಗ, ಓದುತ್ತಿದ್ದೇನೆ. ಈಗ ಹಿಡಿದಿರುವ ಕಾದಂಬರಿಯಲ್ಲಿ ಇನ್ನು ಎಂಟು ಅಧ್ಯಾಯಗಳಿವೆ. ಅಲ್ಪವಿರಾಮಕ್ಕೆ ನಿಲ್ಲದೆ ಓಡುತ್ತೇನೆಂದು ಆಕೆಯ ದೂರು.