ಮಣ್ಣಿನ ಜುಮುಕಿಯ ಮಜೂರಿ

ಜುಮುಕಿ ಮಾಡುವುದು ಎಷ್ಟು ಇಷ್ಟವೋ, ಮಾಡಿದ ಜುಮುಕಿಗೆ ಬೆಲೆ ಕಟ್ಟುವುದೂ ನನಗೆ ಅಷ್ಟೇ ಇಷ್ಟ. ಬಣ್ಣ ಒಣಗಿದ ಮೇಲೆ ಎಲ್ಲವನ್ನೂ ಚಾಪೆಯ ಮೇಲೆ ಹರವಿಕೊಂಡು, ಲೆಕ್ಕದ ಪುಸ್ತಕ ತೆಗೆದು ಕೂರುತ್ತೇನೆ. ಮಾಡುವ ಭರದಲ್ಲಿ ಕಾಣದ ಚೆಲುವು ಆಗ ಕಾಣುತ್ತದೆ.

ಚಿನ್ನದಂಗಡಿಯ ಲೆಕ್ಕ ಎಲ್ಲರಿಗೂ ಗೊತ್ತು. ಗ್ರಾಮಿಗೆ ಅಂದಿನ ದರ, ಅದರ ಮೇಲೆ ವೇಸ್ಟೇಜು, ಮಜೂರಿ, ಜಿಎಸ್‌ಟಿ. ಬಿಲ್ಲಿನಲ್ಲಿ ಸಿಂಹಪಾಲು ಚಿನ್ನದ್ದೇ. ಮಣ್ಣಿನ ಒಡವೆಯಲ್ಲಿ ಈ ಲೆಕ್ಕ ತಲೆಕೆಳಗು. ಒಂದು ಜೊತೆಗೆ ಹಿಡಿಯುವ ಜೇಡಿಮಣ್ಣು 5 ರೂಪಾಯಿಯದೂ ಅಲ್ಲ. ಬಣ್ಣ, ವಾರ್ನಿಷ್, ಕೊಕ್ಕೆ, ಡಬ್ಬಿ ಎಲ್ಲ ಸೇರಿ 40. ಉಳಿದದ್ದೆಲ್ಲ ಮಜೂರಿ.

ಆ ಕೆಲಸವೇನು ಸಾಮಾನ್ಯದ್ದಲ್ಲ. ಮಣ್ಣಿನಲ್ಲಿ ಗಾಳಿ ಉಳಿಯದಂತೆ ನಾದಿ, ತೆಳ್ಳಗೆ ತಟ್ಟಿ, ಬೆರಳ ತುದಿಯಲ್ಲಿ ಕೂರಿಸಿ ಜುಮುಕಿಯ ಬುಟ್ಟಿ ತಿದ್ದಬೇಕು. ಒಂದು ಕಡೆ ದಪ್ಪವಾದರೆ ಒಣಗುವಾಗಲೇ ಬಿರುಕು. ಅಂಚಿಗೆ ಸಾಸಿವೆ ಗಾತ್ರದ ಗುಂಡುಗಳನ್ನು ಸೂಜಿಮೊನೆಯಿಂದ ಒಂದೊಂದಾಗಿ ಅಂಟಿಸಬೇಕು. ಒಣಗಿಸುವುದು ನೆರಳಲ್ಲೇ, ಬಿಸಿಲಿಗಿಟ್ಟರೆ ಹೊರಮೈ ಮೊದಲು ಕುಗ್ಗಿ ಸೀಳುತ್ತದೆ. ಒಳಗೆ ತೇವ ಉಳಿದಿದ್ದರೆ ಬೆಂಕಿಯಲ್ಲಿ ಆವಿಯಾಗಿ ಸಿಡಿಯುತ್ತದೆ. ಸುಮಾರು 600 ಡಿಗ್ರಿ ಕಾವು ದಾಟಿತೆಂದರೆ ಆಯಿತು, ಆ ಮಣ್ಣು ಮತ್ತೆ ನೀರಿಗೆ ಕರಗದು. ಹತ್ತು ಜೊತೆ ಸುಟ್ಟರೆ ಒಂದೆರಡು ಒಡೆಯುವುದು ಇದ್ದದ್ದೇ. ಒಡೆದವುಗಳ ಕೂಲಿಯನ್ನು ಉಳಿದವು ಹೊರಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು.

ಗಂಟೆಗೆ 100 ರೂಪಾಯಿಯಂತೆ ಎರಡೂವರೆ ಗಂಟೆ, ಸಾಮಾನಿನ 40, ಒಡಕಿನ ಪಾಲು, ಮಳಿಗೆಯ ಬಾಡಿಗೆಯ ಪಾಲು. ಕೂಡಿದರೆ 350. ಚೀಟಿಯಲ್ಲಿ ಅದನ್ನು ಬರೆದು ಕಟ್ಟುವಾಗ ಕೈ ಅಳುಕುವುದಿಲ್ಲ.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಮಾತು ಬಂದೇ ಬರುತ್ತದೆ: "ಮಣ್ಣಿಗೆ ಇಷ್ಟೊಂದಾ ಅಕ್ಕಾ? ನೂರೈವತ್ತಕ್ಕೆ ಕೊಡಿ." ಕೇಳುವುದರಲ್ಲಿ ತಪ್ಪೇನಿಲ್ಲ, ಪರಿಷೆ ಅಂದ ಮೇಲೆ ಚೌಕಾಸಿ ಇರಲೇಬೇಕು. "ಒಂದ್ಸಲ ಹಾಕ್ಕೊಂಡು ನೋಡಮ್ಮ" ಎಂದು ಕನ್ನಡಿ ಹಿಡಿಯುತ್ತೇನೆ. ಮಣ್ಣಿನದಾದರೂ ಕಿವಿಗೆ ಭಾರವಿಲ್ಲ, ತಲೆ ಅಲ್ಲಾಡಿಸಿದರೆ ತೂಗುತ್ತದೆ. ಕೆಲವರು ಕೊಳ್ಳುತ್ತಾರೆ, ಕೆಲವರು ಇಟ್ಟು ಹೋಗುತ್ತಾರೆ. ಬೆಲೆ ಇಳಿಸಬೇಕೆಂದರೆ ಕೆಲಸ ಇಳಿಸುತ್ತೇನೆ, ಕೂಲಿಯನ್ನಲ್ಲ. ಕಾಲೇಜು ಹುಡುಗಿಯರಿಗೆಂದೇ ಅಚ್ಚೊತ್ತಿದ ಬಿಲ್ಲೆ ಓಲೆ ಮಾಡಿಟ್ಟಿರುತ್ತೇನೆ. ಅರ್ಧ ಗಂಟೆಯ ಕೆಲಸ, 90 ರೂಪಾಯಿ. ಅದರ ಲೆಕ್ಕವೂ ಇಷ್ಟೇ ನೇರ.

ಮನೆಯಲ್ಲಿ ಕೂತು ಒಡವೆ ಮಾಡುವ ಅಕ್ಕತಂಗಿಯರಿಗೆ ನನ್ನದೊಂದು ಮಾತು. "ಸುಮ್ನೆ ಟೈಂಪಾಸಿಗೆ ಮಾಡ್ತೀನಿ" ಎಂದು ಕೂಲಿ ಬಿಟ್ಟುಕೊಡಬೇಡಿ. ನೀವು ಅದೇ ಜುಮುಕಿಯನ್ನು ನೂರಕ್ಕೆ ಕೊಟ್ಟರೆ, ಈ ಕೆಲಸದಿಂದಲೇ ಮನೆ ನಡೆಸುವ ಪಕ್ಕದ ಮಳಿಗೆಯವಳೂ ನೂರಕ್ಕೇ ಕೊಡಬೇಕಾಗುತ್ತದೆ.